ನಾನು ಬರೆದ ಮಳೆ

ನಮ್ಮೂರಿನಲ್ಲಿ ನಾನು ಕದಿಯದೆ ಬಿಟ್ಟ ದನಿ ಒಂದೂ ಇರಲಿಲ್ಲ. ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರು ಮೂಗಿನಿಂದ ‘ರೈಟ್’ ಎನ್ನುವುದು, ಹೊಗೆಸೊಪ್ಪಿನ ಹರಾಜಿನಲ್ಲಿ ಕೂಗುವವರು ಉಸಿರೇ ತೆಗೆಯದೆ ಮಾತು ಓಡಿಸುವುದು, ನಮ್ಮಪ್ಪ ಸಿಟ್ಟು ಬಂದಾಗ ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡು ‘ನ ನ ನಾಲಾಯಕ್ಕು’ ಎನ್ನುವುದು, ಎಲ್ಲವೂ ನನ್ನ ಗಂಟಲಿನಲ್ಲಿ ಒಕ್ಕಲು ಇದ್ದವು. ಮದುವೆ ಮನೆಗಳಲ್ಲಿ ಊಟದ ಪಂಕ್ತಿ ಏಳುವ ಮೊದಲೇ ನನ್ನನ್ನು ಹುಡುಕುತ್ತಿದ್ದರು. ಒಂದು ದಿನ ಅಮ್ಮ, “ಅದೆಲ್ಲ ಸರಿ ಕಣಪ್ಪ, ನಿನ್ನ ಸ್ವಂತ ದನಿ ಯಾವ್ದು?” ಅಂದಳು. ನಾನು ಅವಳ ದನಿಯಲ್ಲೇ, “ಅದೆಲ್ಲ ಸರಿ ಕಣವ್ವ” ಅಂದೆ. ಸೌಟು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನಗೆ ಇಪ್ಪತ್ತಮೂರು. ಪಿಯುಸಿ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಎದ್ದು ಬಂದಿದ್ದೆ. ನಮ್ಮ ಹೊಲದ ಹೊಗೆಸೊಪ್ಪಿನ ಕೆಲಸ ಬಿಟ್ಟರೆ ಬೇರೆ ಉದ್ಯೋಗ ಇರಲಿಲ್ಲ. ಅಂಥವನಿಗೆ ಮಳೆ ಅಳೆಯುವ ಕೆಲಸ ಸಿಕ್ಕಿತು ಎಂದರೆ ಊರು ನಗದೆ ಇರುತ್ತದೆಯೆ? “ಇವ್ನಾ? ಮಳೆ ನೋಡ್ಕಂಡು ಬಾ ಅಂದ್ರೆ ಮಳೆನೇ ಆಡ್ಕಂಡು ಬತ್ತಾನೆ” ಎಂದು ಹಾಲಿನ ಡೇರಿಯ ಮುಂದೆ ನಿಂತವರು ಹೇಳಿದರು. ಅವರು ಹೇಳಿದ್ದು ಎಷ್ಟು ನಿಜವಾಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಊರಿನಿಂದ ಮೂರು ಕಿಲೋಮೀಟರ್ ಆಚೆ, ಬೆಟ್ಟದಪುರದ ಬೆಟ್ಟ ಕಾಣುವ ದಿಣ್ಣೆಯ ಮೇಲೆ, ಬೀಗ ಜಡಿದ ಹಳೆಯ ಬಂಗಲೆಯೊಂದಿತ್ತು. ಹಿಂದೆ ಸಾಹೇಬರುಗಳು ಬಂದು ಇಳಿಯುತ್ತಿದ್ದರಂತೆ. ಈಗ ಬಾವಲಿಗಳು ಇಳಿದುಕೊಂಡಿದ್ದವು. ಅದರ ಮುಂದಿನ ಬಯಲಿನಲ್ಲಿ ಮುಳ್ಳುತಂತಿಯ ಬೇಲಿ, ಬೇಲಿಯೊಳಗೆ ನೆಲದಲ್ಲಿ ಅರ್ಧ ಹೂತಿಟ್ಟ ಮಳೆ ಅಳೆಯುವ ಡಬ್ಬ. ಡಬ್ಬಕ್ಕೆ ಆಲಿಕೆಯಂಥ ಬಾಯಿ, ಒಳಗೆ ನೀರು ಕೂಡಿಕೊಳ್ಳುವ ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಆ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಎಷ್ಟು ಮಿಲಿಮೀಟರ್ ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಮಳೆ ಬರದ ದಿನ ಸೊನ್ನೆ ಬರೆಯಬೇಕು, ಖಾಲಿ ಬಿಡುವಂತಿಲ್ಲ. ತಿಂಗಳ ಕೊನೆಗೆ ಕಚೇರಿಯಿಂದ ಒಬ್ಬರು ಗುಮಾಸ್ತರು ಬಂದು ಅದರ ನಕಲು ಒಯ್ಯುತ್ತಿದ್ದರು. ಕೆಲಸ ಅಷ್ಟೆ. ಹತ್ತು ನಿಮಿಷದ್ದು. ಉಳಿದ ದಿನವೆಲ್ಲ ಅದರ ಸುತ್ತಲಿನ ಮೌನ.

ಆ ಕೆಲಸವನ್ನು ನನಗಿಂತ ಮೊದಲು ಮೂವತ್ತು ವರ್ಷ ಮಾಡಿದವರು ಬಂಗಲೆಯ ಹಳೆಯ ಕಾವಲುಗಾರರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಸದಾ ಒಂದು ಮೋಟು ಪೆನ್ಸಿಲ್. ಊರಿಗೆಲ್ಲ ತಾತ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ದಿಣ್ಣೆಯ ಕೆಳಗಿನ ಒಂಟಿ ಮನೆಯಲ್ಲಿ ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಲೋಟದ ಸಣ್ಣ ಗೆರೆ ಕಾಣದಂತಾದಾಗ, ತಮ್ಮ ಜಾಗಕ್ಕೆ ನನ್ನ ಹೆಸರನ್ನು ಹೇಳಿದವರು ಅವರೇ. ಯಾಕೆಂದು ನಾನು ಕೇಳಿದ್ದೆ.

“ಎಲ್ಲಾರ ಮಾತ್ನೂ ಇದ್ದಂಗೇ ಏಳ್ತೀಯಲ್ಲ, ಒಂದಕ್ಸರ ಎಚ್ಚು ಕಮ್ಮಿ ಇಲ್ದಂಗೆ. ಮಳೆನೂ ಅಂಗೇ ಬರ್ದುಬುಡು” ಅಂದರು. ನನ್ನ ಚಾಳಿಯಲ್ಲಿ ಒಂದು ಗುಣ ಕಂಡವರು ಲೋಕದಲ್ಲಿ ಅವರೊಬ್ಬರೇ.

ಕೆಲಸ ಬಿಟ್ಟಮೇಲೂ ತಾತ ದಿನಾ ಬೆಳಿಗ್ಗೆ ದಿಣ್ಣೆ ಹತ್ತಿ ಬರುತ್ತಿದ್ದರು. ನಾನು ಲೋಟ ನೋಡಿ ಅಂಕಿ ಹೇಳಿದರೆ, ರಿಜಿಸ್ಟರಿನ ಬದಿಯ ಖಾನೆಯಲ್ಲಿ ತಡವರಿಸುವ ಅಕ್ಷರದಲ್ಲಿ ಪೆನ್ಸಿಲಿನಿಂದ ಮಳೆಯ ಹೆಸರು ಬರೆಯುತ್ತಿದ್ದರು. ಭರಣಿ, ಕೃತ್ತಿಕೆ, ರೋಹಿಣಿ. ನಮ್ಮ ಕಡೆ ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ನಕ್ಷತ್ರಕ್ಕೊಂದು ಮಳೆ. ರೋಹಿಣಿಯ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನೆಟ್ಟಾಗಿರಬೇಕು. ಆರಿದ್ರೆ ಕಳೆದಮೇಲೆ ರಾಗಿಯ ಮಾತು. ಯಾವ ಮಳೆ ಯಾವ ದಿಕ್ಕಿನಿಂದ ಬಂತು, ಗುಡುಗಿತೇ, ಬರಿಯ ತುಂತುರೇ, ಎಲ್ಲ ಆ ಖಾನೆಯಲ್ಲಿ ಇರುತ್ತಿತ್ತು.

ನನ್ನ ತೊಂದರೆ ಬೇರೆ. ದಿಣ್ಣೆಯ ಮೇಲೆ ನಗುವವರು ಯಾರೂ ಇರಲಿಲ್ಲ. ಬೇಲಿಗೆ ಒರಗಿ ಕಂಡಕ್ಟರ್ ಆಗುತ್ತಿದ್ದೆ, ಹರಾಜಿನವನಾಗುತ್ತಿದ್ದೆ. ಬಾವಲಿಗಳು ತಲೆಕೆಳಗಾಗಿಯೇ ಇರುತ್ತಿದ್ದವು. ತಾತನ ಮುಂದೆ ತಾತನನ್ನೇ ಅನುಕರಿಸಿ ತೋರಿಸಿದೆ, ಕೆಮ್ಮಿನ ಸಮೇತ. ಅವರು ನಗಲಿಲ್ಲ. ತಲೆ ವಾಲಿಸಿ ಕೇಳಿ, “ನನ್ ಕೆಮ್ಮು ಅಷ್ಟುದ್ದ ಇಲ್ಲ ಕಣ್ಲಾ, ಮೂರೇ ಸಲ” ಎಂದು ತಿದ್ದಿದರು. ಬೇರೆಯವರ ದನಿ ತೆಗೆದಾಗ ಕಿವಿ ಕೊಟ್ಟು ಕೇಳುವವರಿದ್ದರೆ ನನಗೆ ಹುರುಪು. ಯಾರೂ ಇಲ್ಲದ ಕಡೆ ಆ ದನಿಗಳೆಲ್ಲ ಒಂದೊಂದಾಗಿ ಎದ್ದುಹೋಗಿ, ನಾನು ಖಾಲಿ ಬಾಟಲಿಯ ಮುಂದೆ ಖಾಲಿಯಾಗಿ ಕೂರುತ್ತಿದ್ದೆ. ಊರಿನಲ್ಲಿ ನಾನಿಲ್ಲದ ಹೊತ್ತಿನಲ್ಲಿ ಯಾರಾದರೂ ನನ್ನ ಬಗ್ಗೆ ಯೋಚಿಸುತ್ತಾರೆಯೇ ಎಂದು ಅನ್ನಿಸಿದ್ದು ಅಲ್ಲಿಯೇ. ಯೋಚಿಸಿದರೂ ಯಾರ ದನಿಯಲ್ಲಿ ನನ್ನನ್ನು ನೆನೆಯುತ್ತಾರೋ.

ತಾತನಿಗೂ ಒಂದು ಕೊರಗಿತ್ತು. ಅದು ನನಗೆ ಗೊತ್ತಾದದ್ದು ಆಶ್ಲೇಷ ಮಳೆಯ ಹೊತ್ತಿಗೆ. ಮೊದಲೆಲ್ಲ ಊರವರು ರಾಗಿ ಬಿತ್ತುವ ಮುಂಚೆ ಅವರನ್ನು ಒಂದು ಮಾತು ಕೇಳುತ್ತಿದ್ದರು. ಯಾವ ಮಳೆ ಹಿಡಿಯುತ್ತದೆ, ಯಾವುದು ಕೈಕೊಡುತ್ತದೆ ಎಂದು ಅವರು ಹೇಳುತ್ತಿದ್ದರು. ಮೂರು ವರ್ಷದಿಂದ ಅವರ ಮಾತು ಮೂರು ಸಲವೂ ತಪ್ಪಿತ್ತು. ಹೇಳಿದ ಮಳೆ ಬರಲಿಲ್ಲ. ಬರಬಾರದ ಹೊತ್ತಿನಲ್ಲಿ ಒಂದೇ ದಿನಕ್ಕೆ ಸುರಿದು, ಮೊಳಕೆಯನ್ನು ಕೊಚ್ಚಿಕೊಂಡು ಹೋಯಿತು. ಮಳೆ ದಾರಿ ತಪ್ಪಿದೆ ಎಂದು ತಾತ ಹೇಳಿದರೆ, “ಮಳೆ ಅಲ್ಲ, ನೀವು ತಪ್ಪಿದ್ದೀರಿ” ಎಂದು ಊರವರು ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ. ತಾತ ಆಕಾಶಕ್ಕೆ ದಾರಿ ತೋರಿಸುವ ಹಾಗೆ ನಟಿಸಿ, ಡೇರಿಯ ಮುಂದೆ ಚಪ್ಪಾಳೆ ಗಿಟ್ಟಿಸಿದ್ದೆ.

ಆವತ್ತು ಅವರು ಕಣ್ಣಿನ ಆಪರೇಷನ್ನಿಗೆಂದು ಸಾಲಿಗ್ರಾಮದ ಮಗಳ ಮನೆಗೆ ಹೊರಟಿದ್ದರು. ಒಂದು ಕಣ್ಣು ಮೊದಲು, ಅದು ವಾಸಿಯಾದ ಮೇಲೆ ಇನ್ನೊಂದು. ಎರಡು ತಿಂಗಳು ಬೇಕಿತ್ತು. ಕೈಚೀಲವನ್ನು ಬೇಲಿಗೆ ನೇತುಹಾಕಿ, ನನ್ನ ಪಕ್ಕದಲ್ಲಿ ಕೂತರು.

“ನಮ್ಮಣ್ಣಂಗೆ ಕೊನೆಗಾಲಕ್ಕೆ ಅರಳು ಮರಳಾಯ್ತು ಕಣ್ಲಾ. ಸತ್ತೋಗಿದ್ದ ಎತ್ತಿಗೆ ದಿನಾ ಉಲ್ಲಾಕೋನು. ಬಂದು ತಿನ್ನು ಅಂತ ಕರೆಯೋನು.”

ನಾನು ಬರೆಯುತ್ತಿದ್ದ ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟೆ.

“ನಂಗೂ ಅಂಗೇ ಸುರುವಾಗದಾ ಅಂತ ಭಯ. ಎಲ್ಲಾ ಏಳ್ತಾವ್ರಲ್ಲ, ಮಳೆ ಸರಿಯಾಗೇ ಅದೆ, ನಿಂಗೇ ನೆಪ್ಪಿಲ್ಲ ಅಂತ.” ರಿಜಿಸ್ಟರಿನ ಮೇಲೆ ಅಂಗೈ ಇಟ್ಟರು. “ಕಣ್ ಬರ್ಲಿ. ಬಂದಮ್ಯಾಕೆ ಮೂವತ್ತೊರ್ಸದ್ದೂ ಕೂತ್ಕಂಡು ಒಂದೊಂದ್ ಮಳೆನೂ ಒತ್ತಟ್ಟಿಗೆ ಇಟ್ಟು ನೋಡ್ತೀನಿ. ಮಗೆ ಮಳೆ ಆಗ ಎಷ್ಟಿತ್ತು, ಈಗೆಷ್ಟು. ಉಬ್ಬೆ ಎಷ್ಟು, ಉತ್ತರೆ ಎಷ್ಟು. ಮಳೆ ಕೆಟ್ಟದಾ, ನಾನ್ ಕೆಟ್ಟಿದೀನಾ, ಗೊತ್ತಾಗೋಯ್ತದೆ. ನೀನ್ ಒಂದು ದಿನಾನೂ ಬುಡಬ್ಯಾಡ. ಕಳೆದ್ ಮೂರೊರ್ಸದ್ದು ಪೊರೆ ಕಣ್ಣಲ್ಲಿ ಬರ್ದಿದ್ದು, ನಂಬಂಗಿಲ್ಲ. ಈ ವರ್ಸದ್ದೇ ಮುಕ್ಯ.”

“ಬುಡಾಕಿಲ್ಲ ತಾತ” ಅಂದೆ. ಅವರದೇ ದನಿಯಲ್ಲಿ ಅಂದೆ. ಅವರು ಕೈಚೀಲ ತೆಗೆದುಕೊಂಡು ಇಳಿದುಹೋದರು.

ಆ ವಾರವೇ ನಮ್ಮ ಮನೆಯ ಬ್ಯಾರನ್ನಿನ ಒಲೆ ಹೊತ್ತಿಸಿದೆವು. ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮಣ್ಣುಗೋಡೆಯ ಮನೆ. ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆಯನ್ನು ಸೂರಿನವರೆಗೆ ತೂಗುಹಾಕಿ, ಕೆಳಗಿನ ಒಲೆಯಲ್ಲಿ ಸೌದೆ ಉರಿಸಿ, ತಗಡಿನ ಕೊಳವೆಗಳಲ್ಲಿ ಶಾಖ ಹರಿಸಬೇಕು. ಐದಾರು ದಿನ ಬೆಂಕಿ ಆರುವಂತಿಲ್ಲ, ಏಕಾಏಕಿ ಏರುವಂತೆಯೂ ಇಲ್ಲ. ಎಲೆ ಮೊದಲು ಹಳದಿಯಾಗಿ ಆಮೇಲೆ ಒಣಗಬೇಕು. ಶಾಖ ತಪ್ಪಿದರೆ ಕಪ್ಪಾಗಿ ಹೋಗುತ್ತದೆ. ಒಂದು ಸಲ ಇಳಿಸಿದರೆ ಮತ್ತೊಂದು ಸಲ ತುಂಬುವುದು. ಆಗಸ್ಟಿನಿಂದ ಅಕ್ಟೋಬರಿನವರೆಗೆ ನಮ್ಮ ಕಡೆಯ ಊರುಗಳ ಮೇಲೆಲ್ಲ ಆ ಹೊಗೆಯೇ. ರಾತ್ರಿ ಸರದಿ ಅಪ್ಪನದು, ಹಗಲಿನದು ನನ್ನದು.

ಸೌದೆ ಲಾರಿಯಲ್ಲಿ ಬರುತ್ತಿತ್ತು. ನೀಲಗಿರಿ, ಸರ್ವೆ, ಮಾವು, ಕೆಲವು ಸಲ ಹೆಸರೇ ಗೊತ್ತಿಲ್ಲದ ಕಾಡುಮರ. ಎಲ್ಲಿಂದ ಎಂದು ಕೇಳಿದರೆ ಲಾರಿಯವನು, “ಮರದಿಂದ ಕಣಣ್ಣ” ಅನ್ನುತ್ತಿದ್ದ. ಅವನ ದನಿಯನ್ನೂ ಕಲಿತೆ. ತುಂಡುಗಳಲ್ಲಿ ಇನ್ನೂ ಹಸಿ ಇರುತ್ತಿತ್ತು. ಒಲೆಗೆ ತುರುಕಿದರೆ ಆ ತುದಿಯಿಂದ ನೊರೆ ಉಕ್ಕಿ, ಕುಯ್ ಎಂದು ಅಳುವ ಸದ್ದು. ಹಸಿ ಮರ ಸುಡುವ ಆ ಸದ್ದನ್ನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆ ಎಂದರೆ ಎಲೆ ಕಟ್ಟುವ ಹೆಂಗಸರು, “ಅಯ್ಯೋ, ನಿಲ್ಸಪ್ಪ, ಒಟ್ಟೆ ತೊಳ್ಸ್‌ತದೆ” ಎಂದು ನಗುತ್ತಿದ್ದರು. ಅಲ್ಲಿ ಜನ ಇದ್ದರು, ನಗು ಇತ್ತು. ಮೂರು ಕಿಲೋಮೀಟರ್ ಸೈಕಲ್ ತುಳಿದು ಬಾವಲಿಗಳ ಮುಂದೆ ನಿಲ್ಲುವುದಕ್ಕೆ ಯಾರಿಗೆ ಮನಸ್ಸಾಗುತ್ತದೆ?

ಮೊದಲು ಒಂದು ದಿನ ತಪ್ಪಿಸಿದೆ. ಆಮೇಲೆ ಮೂರು ದಿನ. ಆಮೇಲೆ ವಾರ. ಒಮ್ಮೆ ಹೋಗಿ ನೋಡಿದರೆ ಬಾಟಲಿ ಒಣಗಿತ್ತು, ಆಲಿಕೆಯಲ್ಲಿ ಜೇಡ ಬಲೆ ಕಟ್ಟಿತ್ತು. ಮಗೆ ಮಳೆ ಬರಲೇ ಇಲ್ಲ. ಉಬ್ಬೆಯೂ ಬರಲಿಲ್ಲ. ಮೋಡ ಬಂದು, ನಮ್ಮ ಹೊಗೆಯನ್ನು ಮೇಲಿನಿಂದ ನೋಡಿ, ಹಾಗೇ ಹೋಗುತ್ತಿತ್ತು. ರಿಜಿಸ್ಟರ್ ಬಿಡಿಸಿ ಕುಳಿತೆ. ಖಾಲಿ ಬಿಟ್ಟ ಸಾಲುಗಳಲ್ಲಿ ಸೊನ್ನೆ ಬರೆದರೆ ಸಾಕಿತ್ತು, ಅದೇ ನಿಜವೂ ಆಗಿತ್ತು. ಆದರೆ ಸಾಲಾಗಿ ಇಪ್ಪತ್ತು ಸೊನ್ನೆ, ಅದೂ ಮಳೆಗಾಲದಲ್ಲಿ! ನೋಡಿದವರು ಏನಂದುಕೊಳ್ಳುತ್ತಾರೆ? ಇವನು ಡಬ್ಬದ ಹತ್ತಿರಕ್ಕೇ ಹೋಗಿಲ್ಲ, ಮನೆಯಲ್ಲಿ ಕೂತು ಸೊನ್ನೆ ಸುತ್ತಿದ್ದಾನೆ ಎನ್ನುತ್ತಾರೆ. ನಿಜವನ್ನು ಬರೆದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿದ ಕಳ್ಳ ನಾನು.

ಅದಕ್ಕೇ ಹಳೆಯ ರಿಜಿಸ್ಟರುಗಳನ್ನು ತೆಗೆದೆ. ತಾತನ ಹದಿನೈದು ಇಪ್ಪತ್ತು ವರ್ಷ ಹಿಂದಿನ ಮಳೆಗಳು ಅಲ್ಲಿ ಅಚ್ಚುಕಟ್ಟಾಗಿ ಬಿದ್ದಿದ್ದವು. ಎರಡು ದಿನ ಬಿಡುವು, ಒಂದು ದಿನ ಸಣ್ಣ ಮಳೆ, ಮಾರನೆಯ ದಿನ ಜೋರು, ಆಮೇಲೆ ನಾಲ್ಕು ದಿನ ತುಂತುರು. ಅವುಗಳ ನಡಿಗೆಯನ್ನು ನೋಡಿಕೊಂಡೆ. ಯಾವ ವರ್ಷದ್ದನ್ನೂ ಇದ್ದ ಹಾಗೇ ನಕಲು ಮಾಡಲಿಲ್ಲ, ಅಷ್ಟು ಪೆದ್ದನಲ್ಲ. ಒಬ್ಬರ ಮಾತಿನ ಧಾಟಿ ಹಿಡಿದು ಅವರು ಆಡದ ಮಾತನ್ನೂ ಅವರ ಹಾಗೇ ಆಡುತ್ತೇನಲ್ಲ, ಹಾಗೆ ಮಳೆಯ ಧಾಟಿ ಹಿಡಿದು ಬಾರದ ಮಳೆಯನ್ನು ಬರೆದೆ. ಉತ್ತರೆಗೂ ಅದನ್ನೇ ಮಾಡಿದೆ. ಬರೆದು ಮುಗಿಸಿ ದೂರ ಹಿಡಿದು ನೋಡಿದರೆ ಎಷ್ಟು ಸೊಗಸಾಗಿ ಬಂದಿತ್ತು! ಇಷ್ಟು ಒಳ್ಳೆಯ ಮಳೆಗಾಲ ನಮ್ಮೂರಿಗೆ ಬಂದು ಎಷ್ಟೋ ಕಾಲವಾಗಿತ್ತು. ತೋರಿಸಿ ಶಹಭಾಸ್ ಅನ್ನಿಸಿಕೊಳ್ಳಲು ಯಾರೂ ಇಲ್ಲವಲ್ಲ ಎಂದು ಬೇಸರವೂ ಆಯಿತು.

ಹಸ್ತ ಮಳೆಯಲ್ಲಿ ಮಾತ್ರ ನಿಜವಾದ ಮಳೆ ಬಂತು. ಬಂತು ಎನ್ನುವುದಕ್ಕಿಂತ ಬಿತ್ತು. ಒಂದು ಮಧ್ಯಾಹ್ನ ಶುರುವಾಗಿ ಮಾರನೆಯ ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ನಮ್ಮ ಸೌದೆಯ ಕೊಟ್ಟಿಗೆಗೆ ನೀರು ನುಗ್ಗಿ, ಒಲೆ ಉಸಿರುಗಟ್ಟಿ, ಬ್ಯಾರನ್ನಿನ ಒಳಗಿನ ಎಲೆ ಕಪ್ಪಾಯಿತು. ಅಪ್ಪ ಮೊದಲ ಅಕ್ಷರವನ್ನೂ ದಾಟಲಾರದೆ ಸುಮ್ಮನೆ ನಿಂತರು. ನಾನು ಸೈಕಲ್ ಹತ್ತಿ ದಿಣ್ಣೆಗೆ ಹೋದೆ. ಬಾಟಲಿ ತುಂಬಿ, ಹೊರಗಿನ ಡಬ್ಬಕ್ಕೂ ನೀರು ಚೆಲ್ಲಿತ್ತು. ಲೋಟಕ್ಕೆ ಬಗ್ಗಿಸಿ ಬಗ್ಗಿಸಿ ಎಣಿಸಿದೆ. ಬಂದ ಅಂಕಿಯನ್ನು ನೋಡಿ ನನಗೇ ನಂಬಿಕೆ ಬರಲಿಲ್ಲ. ಹಳೆಯ ರಿಜಿಸ್ಟರುಗಳಲ್ಲಿ ಹುಡುಕಿದೆ, ಒಂದೇ ದಿನಕ್ಕೆ ಅಷ್ಟು ಎಲ್ಲಿಯೂ ಇರಲಿಲ್ಲ. ಇದನ್ನು ಹೀಗೇ ಬರೆದರೆ ಸುಳ್ಳೆನ್ನುತ್ತಾರೆ ಅನ್ನಿಸಿತು. ಅರ್ಧಕ್ಕಿಳಿಸಿ ಬರೆದೆ. ಬಾರದ ಮಳೆಯನ್ನು ಬಂದಿದೆ ಎಂದವನು, ಬಂದ ಮಳೆಯನ್ನು ಇಷ್ಟೇ ಎಂದೆ.

ಅದಾದ ಸ್ವಲ್ಪ ದಿನಕ್ಕೆ ಬೆಟ್ಟದಪುರದಲ್ಲಿ ಬೆಳೆಗಾರರಿಗೆಂದು ಒಂದು ಸಭೆ ಆಯಿತು. ಸೌದೆ ಉಳಿಸುವುದು, ಗಿಡ ನೆಡುವುದು, ಇಂಥ ವಿಷಯ. ಮಾತಾಡಲು ಬಂದಿದ್ದವರು ಸಣ್ಣ ದನಿಯ ಮೇಷ್ಟ್ರು. ಮರ ಸುಟ್ಟ ಹೊಗೆ, ಕಲ್ಲಿದ್ದಲು ಸುಟ್ಟ ಹೊಗೆ, ಲಾರಿ ಬಸ್ಸಿನ ಹೊಗೆ, ಇವು ಕಣ್ಣಿಗೆ ಕಾಣದಂತಾದರೂ ಮೇಲೆಯೇ ಉಳಿದಿರುತ್ತವೆ ಎಂದರು. ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಶಾಖ ಹೊರಗೆ ಹೋಗುವುದಿಲ್ಲ, ಸಮುದ್ರ ಕಾಯುತ್ತದೆ, ಗಾಳಿಯ ಹದ ಕೆಡುತ್ತದೆ, ತಿಂಗಳಿಡೀ ಹಂಚಿ ಬರಬೇಕಾದ ಮಳೆ ತಿಂಗಳೆಲ್ಲ ಬಾರದೆ ಒಂದೇ ದಿನ ಬರುತ್ತದೆ. ಮರ ನಿಂತಿದ್ದರೆ ಆ ಹೊಗೆಯನ್ನು ಒಂದಿಷ್ಟು ತಾನೇ ತಿನ್ನುತ್ತದೆ, ನಾವು ಅದನ್ನೇ ಸುಡುತ್ತೇವೆ. ನಮ್ಮ ಬ್ಯಾರನ್ನಿನ ಹೊಗೆಯೊಂದರಿಂದಲೇ ಲೋಕದ ಮಳೆ ಓಡಿಹೋಯಿತು ಎಂದುಕೊಳ್ಳುವಷ್ಟು ದೊಡ್ಡಸ್ತಿಕೆ ನನಗಿಲ್ಲ. ಆದರೆ ನಾವು ಸುಟ್ಟ ಮರಗಳೂ ಆ ಕಂಬಳಿಗೆ ಒಂದೆರಡು ಎಳೆ ನೇಯ್ದಿದ್ದವು.

ಹಿಂದೆ ಕೂತಿದ್ದ ಯಾರೋ ಎದ್ದು, “ಇದೆಲ್ಲಾ ಎಂಗ್ ಗೊತ್ತಾಯ್ತು ಸ್ವಾಮಿ?” ಎಂದು ಕೇಳಿದರು. ಮೇಷ್ಟ್ರು, “ಪ್ರಪಂಚದಲ್ಲಿ ಎಲ್ಲೆಲ್ಲೋ ಒಬ್ಬೊಬ್ಬರು ದಿನಾ ಬೆಳಿಗ್ಗೆ ಎದ್ದು ಮಳೆ, ಬಿಸಿಲು ಅಳೆದು ಬರೆದಿಟ್ಟಿದ್ದಾರಲ್ಲ, ಅದನ್ನೆಲ್ಲ ಸೇರಿಸಿ ನೋಡಿದರೆ ಗೊತ್ತಾಗುತ್ತದೆ” ಎಂದರು.

ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರೂ, “ಮೇಷ್ಟ್ರುನ್ನ ಮಾಡ್ಲಾ” ಎಂದು ಗಂಟುಬಿದ್ದರು. ಮಾಡಿದೆ. ಕಂಬಳಿ ಹೊದಿಸಿದೆ, ಸಮುದ್ರ ಕಾಯಿಸಿದೆ. ಟೆಂಪೋ ನಗುವಿನಿಂದ ಓಲಾಡಿತು. “ಎಲ್ಲೆಲ್ಲೋ ಒಬ್ಬೊಬ್ಬರು ದಿನಾ ಬೆಳಿಗ್ಗೆ ಎದ್ದು” ಎಂಬಲ್ಲಿಗೆ ಬಂದಾಗ ದನಿ ನಿಂತುಹೋಯಿತು. “ಯಾಕ್ಲಾ, ಕ್ಯಾಸೆಟ್ ಸಿಕ್ಕಾಕ್ಕಂತಾ?” ಎಂದು ಒಬ್ಬ ನನ್ನ ಬೆನ್ನಿಗೆ ಗುದ್ದಿದ. ಎಲ್ಲರೂ ಇನ್ನೊಂದು ಸಲ ನಕ್ಕರು.

ಚಿತ್ತೆ ಮಳೆಯ ಹೊತ್ತಿಗೆ ತಾತ ಹಿಂತಿರುಗಿದರು. ದಪ್ಪ ಗಾಜಿನ ಕಪ್ಪು ಕನ್ನಡಕ. ಬೇಲಿಯ ತಂತಿಯ ಮುಳ್ಳನ್ನೂ ಒಂದೊಂದಾಗಿ ನೋಡಿ ಸಂತೋಷಪಟ್ಟರು. ನನ್ನ ಮುಖ ನೋಡಿ, “ಇಂಗಿದೀಯಾ ನೀನು? ನಿನ್ ದನಿಗಳ್ಗೆ ಓಲಿಸುದ್ರೆ ವಸಿ ಸಣ್ಣಕ್ಕಿದೀಯ” ಎಂದರು. ಹಸ್ತದ ಮಳೆಯಿಂದ ಹೊಲ ದಿಣ್ಣೆಗಳೆಲ್ಲ ಹಸಿರೇರಿದ್ದರಿಂದ, ಅದರ ಹಿಂದಿನ ಒಣಗಿದ ದಿನಗಳ ಗುರುತು ನೆಲದ ಮೇಲೆ ಉಳಿದಿರಲಿಲ್ಲ. ತಾತ ಬಂಗಲೆಯ ಜಗುಲಿಯ ಮೇಲೆ ಮೂವತ್ತು ವರ್ಷದ ರಿಜಿಸ್ಟರುಗಳನ್ನು ಹರಡಿಕೊಂಡು ಕೂತರು. ಒಂದು ಉದ್ದ ನೋಟುಬುಕ್ಕಿನಲ್ಲಿ ಮಳೆಗೊಂದು ಹಾಳೆ. ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಬರೆದರು. ನಾನು ಕಂಬಕ್ಕೊರಗಿ ನೋಡುತ್ತಿದ್ದೆ. ಯಾವ ದನಿಯೂ ಹೊರಡುತ್ತಿರಲಿಲ್ಲ.

ಐದನೆಯ ದಿನ ಅವರು ಪೆನ್ಸಿಲ್ ಕೆಳಗಿಟ್ಟರು.

“ಮಗೆ ಸರಿಯಾಗೇ ಬಂದದೆ ಕಣ್ಲಾ. ಉಬ್ಬೆನೂ ಬಂದದೆ. ಇಪ್ಪತ್ತೊರ್ಸದಿಂದೆ ಎಂಗ್ ಬಂದಿತ್ತೋ ಅಂಗೇ.”

“ಊರಲ್ಲಿ ಯಾರ್ನಾದ್ರೂ ಕೇಳಿದ್ರಾ ತಾತ?”

“ಕೇಳ್ದೆ. ಮಳೆ ಸರಿಯಾಗ್ಲಿಲ್ಲ ಅಂದ್ರು. ಮೊದ್ಲು ಮಳೆ ಸರಿಯಾಗೇ ಅದೆ ಅಂತ ನಕ್ಕೋರೂ ಅವ್ರೇಯ. ಸಾಲಿಗ್ರಾಮದಲ್ಲಿ ಕಣ್ಗೆ ಬಟ್ಟೆ ಕಟ್ಕಂಡು ಮನಗಿದ್ನಲ್ಲ, ಹಸ್ತ ಬರೋಗಂಟ ಒಂದಿನಾನೂ ಸೂರ್ ಮೇಲೆ ಸದ್ದು ಕೇಳ್ಲಿಲ್ಲ. ಕಿವೀನೂ ಓಯ್ತಾ ಅಂದ್ಕಂಡೆ. ಬುಕ್ ಯಾಕೆ ಸುಳ್ ಏಳ್ತದೆ?” ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. “ನಾನೇ ಕಣ್ಲಾ ಕೆಟ್ಟಿರೋದು.”

ಮೂವತ್ತು ವರ್ಷದಲ್ಲಿ ಒಂದು ಹನಿಯನ್ನೂ ಸುಳ್ಳು ಬರೆಯದವರಿಗೆ ರಿಜಿಸ್ಟರ್ ಸುಳ್ಳು ಹೇಳುತ್ತದೆ ಎಂಬ ಯೋಚನೆಯೇ ಬರಲಿಲ್ಲ. ಊರನ್ನು ಬಿಟ್ಟು, ತಮ್ಮ ಕಿವಿಯನ್ನು ಬಿಟ್ಟು, ನನ್ನ ಅಂಕಿಯನ್ನು ನಂಬಿದರು.

ಮಾರನೆಯ ದಿನ ಬಂದವರು ನೋಟುಬುಕ್ಕು ತಂದಿರಲಿಲ್ಲ. ನನ್ನನ್ನು ಕೂರಿಸಿಕೊಂಡು, “ನಾನು ಇಪ್ಪತ್ತೇಳ್ ನಕ್ಷತ್ರಾನೂ ಏಳ್ತೀನಿ, ಯಾವ್ದಾರ ಬುಟ್ಟೋದ್ರೆ ಏಳು” ಎಂದು ಅಶ್ವಿನಿಯಿಂದ ಶುರುಮಾಡಿದರು. ಶಾಲೆಯ ಮಕ್ಕಳ ಹಾಗೆ ಬೆರಳು ಮಡಚುತ್ತ, ನಿಧಾನವಾಗಿ ರೇವತಿಯವರೆಗೆ ಬಂದರು. “ಎಲ್ಲಾ ಸರಿಯಾ?” ಎಂದು ನನ್ನ ಬಾಯನ್ನೇ ನೋಡಿದರು. ಎಲ್ಲಾ ಸರಿ ಇತ್ತು. “ನಾಳಿಕೂ ಕೇಳು. ನಾಡಿದ್ದೂ ಕೇಳು. ಏಳಿದ್ದನ್ನೇ ಏಳ್ತಿದ್ರೆ ಮಗಳಿಗೆ ಒಂದ್ ಕಾಗ್ದ ಆಕ್ಬುಡು, ಬಂದು ಕರ್ಕಂಡೋಗ್ಲಿ. ಸತ್ತ್ ಎತ್ತಿಗೆ ಉಲ್ಲಾಕೋಗಂಟ ಕಾಯ್ಬ್ಯಾಡ.”

ಹೇಳಲೇಬೇಕಾಯಿತು. ಆದರೆ ಗಂಭೀರವಾದ ಮಾತನ್ನು ನಾನು ಅಲ್ಲಿಯವರೆಗೆ ಬೇರೆಯವರ ದನಿಯಲ್ಲಲ್ಲದೆ ಆಡಿರಲಿಲ್ಲ. ನಕಲು ಒಯ್ಯಲು ಬರುವ ಗುಮಾಸ್ತರ ದನಿ ಸಿಕ್ಕಿತು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡವರ ಹಾಗೆ ಗದ್ದ ಎತ್ತಿ, “ಏನ್ರೀ ಯಜಮಾನ್ರೆ, ಈ ಹುಡುಗ ಎರಡು ತಿಂಗಳು ಡಬ್ಬದ ಮುಖಾನೇ ನೋಡಿಲ್ಲವಂತಲ್ಲ. ಮಳೇನ ಮನೇಲಿ ಕೂತು ಬರೆದನಂತಲ್ಲ” ಎಂದೆ.

ತಾತ ನಕ್ಕರು. ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. ಹೆಗಲು ಅಲುಗಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, “ಅವ್ರೇ ಬಂದಂಗಾಯ್ತಲ್ಲೋ! ಇನ್ನೊಂದ್ ಸಲ ಮಾಡು” ಎಂದರು. ಇಡೀ ವರ್ಷ ಆ ನಗುವಿಗಾಗಿ ನಾನು ಎಷ್ಟು ವೇಷ ಹಾಕಿದ್ದೆ. ಬಂದ ನಗುವಿನ ಮುಂದೆ ಓಡಿಹೋಗಬೇಕು ಅನ್ನಿಸಿತು.

“ಇಲ್ಲ ತಾತ” ಅಂದೆ. ಆ ದನಿ ಯಾರದೆಂದು ನನಗೇ ಗುರುತು ಸಿಗಲಿಲ್ಲ. ಸಣ್ಣಗೆ, ಸ್ವಲ್ಪ ಸೀಳಿದ ಹಾಗೆ ಇತ್ತು. “ಅದು ನಿಜ. ಮಗೆ ಬರ್ಲಿಲ್ಲ. ಉಬ್ಬೆ, ಉತ್ತರೆ ಯಾವ್ದೂ ಬರ್ಲಿಲ್ಲ. ನಾನು ಬ್ಯಾರನ್ ಮುಂದೆ ಕೂತಿದ್ದೆ. ನಿಮ್ಮ ಹಳೇ ಬುಕ್ ನೋಡ್ಕಂಡು ನಾನೇ ಬರೆದೆ. ಹಸ್ತದಲ್ಲಿ ಬಂದಿದ್ದು ನಾನು ಬರೆದಿದ್ದರ ಎರಡರಷ್ಟು.”

ಅವರ ಬಾಯಿ ಇನ್ನೂ ತೆರೆದೇ ಇತ್ತು. ನಗು ಅದರಿಂದ ನಿಧಾನವಾಗಿ ಇಳಿಯಿತು. ಬೈಯುತ್ತಾರೆ ಎಂದು ಕಾದೆ. ಅಪ್ಪನ ಹಾಗೆ ಒಂದು ಅಕ್ಷರವಾದರೂ ಸಿಕ್ಕಿಕೊಳ್ಳಲಿ ಎಂದುಕೊಂಡೆ. ಅವರು ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ, “ಯಾವ್ಯಾವ ದಿನ ನೋಡ್ದೆ?” ಎಂದು ಕೇಳಿದರು.

“ಸರಿಯಾಗಿ ಗೊತ್ತಿಲ್ಲ ತಾತ.”

“ಯಾವ್ದು ಸೊನ್ನೆ, ಯಾವ್ದು ತುಂತುರು?”

“ಗೊತ್ತಿಲ್ಲ.”

ಪೆನ್ಸಿಲನ್ನು ನನ್ನ ಕೈಗಿಟ್ಟರು. “ಅಂಗಂತ ಬರಿ.”

ಎರಡು ತಿಂಗಳ ಒಂದೊಂದು ಸಾಲಿನ ಮುಂದೆಯೂ ನನ್ನ ಸುಂದರವಾದ ಅಂಕಿಗೆ ಗೆರೆ ಎಳೆದು ‘ನೋಡಿಲ್ಲ’ ಎಂದು ಬರೆದೆ. ತಾತ ಪಕ್ಕದಲ್ಲಿ ಕೂತು ಕೊನೆಯ ಸಾಲಿನವರೆಗೂ ನೋಡಿದರು. ಹಸ್ತದ ಆ ಒಂದು ದಿನದ ನಿಜವಾದ ಅಂಕಿ ಮಾತ್ರ ನನ್ನ ನೆನಪಿನಲ್ಲಿತ್ತು, ಅದನ್ನು ಬರೆದೆ. ಸುತ್ತಲೂ ‘ನೋಡಿಲ್ಲ’ಗಳ ನಡುವೆ ಅದೊಂದು ಹುಚ್ಚನ ಮಾತಿನಂತೆ ನಿಂತಿತು.

“ಕಚೇರಿಗೂ ಬರಿ” ಎಂದರು. ಅದನ್ನೂ ಬರೆದು ಹಾಕಿದೆ. ಅಲ್ಲಿಂದ ಉತ್ತರ ಬರಲಿಲ್ಲ, ಕೆಲಸವೂ ಹೋಗಲಿಲ್ಲ. ಬಾವಲಿಗಳ ಜತೆ ಕೂರುವುದಕ್ಕೆ ಬೇರೆ ಯಾರು ಒಪ್ಪುತ್ತಿದ್ದರು?

ತಾತ ಎದ್ದರು. ಜಗುಲಿಯ ಮೆಟ್ಟಿಲಿಳಿದು ಒಂದು ಗಳಿಗೆ ನಿಂತರು.

“ಅರಳು ಮರಳು ನಂಗಲ್ಲ ಅಂತಾಯ್ತು. ಅಷ್ಟು ಒಳ್ಳೇದಾಯ್ತು” ಎಂದರು. ಆಮೇಲೆ, “ಮಳೆ ಏನಾಯ್ತು ಅಂತ ನೋಡಕ್ಕೆ ಈ ವರ್ಸದ್ದೊಂದು ಬೇಕಾಗಿತ್ತು ಕಣಪ್ಪ” ಎಂದರು.

ಯಾವಾಗಲೂ ಕಣ್ಲಾ ಎನ್ನುತ್ತಿದ್ದವರು ಆವತ್ತು ಕಣಪ್ಪ ಅಂದರು. ದಿಣ್ಣೆ ಇಳಿದು ಹೋಗುವಾಗ ಮೂರು ಸಲ ಕೆಮ್ಮಿದರು. ಹೌದು, ಮೂರೇ ಸಲ.

ಆಮೇಲೆ ಬಹಳ ದಿನ ಅವರು ಬರಲಿಲ್ಲ. ನಾನು ಒಂದು ದಿನವೂ ತಪ್ಪಿಸಲಿಲ್ಲ. ಬ್ಯಾರನ್ನಿನ ಕೆಲಸ ಮುಗಿದಿತ್ತು, ಹಗಲೆಲ್ಲ ಅಲ್ಲೇ ಇರುತ್ತಿದ್ದೆ. ಸೊನ್ನೆ ಬರೆಯುವುದಕ್ಕೆ ಮುಂಚೆ ಬಾಟಲಿಯನ್ನು ಎರಡು ಸಲ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಬದಿಯ ಖಾನೆಯಲ್ಲಿ ಮಳೆಯ ಹೆಸರು ಬರೆಯುವ ಧೈರ್ಯ ಬರಲಿಲ್ಲ. ಅದು ಅವರ ಜಾಗ, ಹಾಗೇ ಬಿಟ್ಟೆ. ಊರಿನಲ್ಲಿ ಯಾರೋ ಮದುವೆಗೆ ಕರೆದಾಗ ಗಂಟಲು ಕಟ್ಟಿದೆ ಎಂದು ತಪ್ಪಿಸಿಕೊಂಡೆ. ಅವರು ನಂಬಲಿಲ್ಲ. ಗಂಟಲು ಕಟ್ಟಿದವರ ಮಿಮಿಕ್ರಿ ಎಂದುಕೊಂಡು ನಕ್ಕರು.

ವಿಶಾಖೆಯ ಒಂದು ಬೆಳಿಗ್ಗೆ, ಎಂಟೂವರೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಬೇಲಿಯ ಆಚೆ ತಾತ ನಿಂತಿದ್ದರು. ರಾತ್ರಿ ಕಟ್ಟಿದ್ದ ಮೋಡ ಸುರಿಯದೆ ಚದುರಿತ್ತು.

“ಎಷ್ಟು?” ಎಂದರು.

ನಾನು ಬಾಟಲಿ ತೆಗೆದು “ಸೊನ್ನೆ ತಾತ” ಅಂದೆ.

“ನೋಡ್ದಾ?”

“ನೋಡ್ದೆ.”

ಅವರು ಗೇಟು ತಳ್ಳಿ ಒಳಗೆ ಬಂದರು. ನನ್ನ ಕೈಯಿಂದ ಬಾಟಲಿಯನ್ನು ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಒಳಗೆ ನೋಡಿದರು. ಅಂಗೈ ಮೇಲೆ ಕವುಚಿ ಹಾಕಿ ಎರಡು ಸಲ ಬಡಿದರು. ಅಂಗೈಯನ್ನು ಮುಟ್ಟಿ ನೋಡಿದರು, ಒಣಗಿತ್ತು. ಬಾಟಲಿಯನ್ನು ಅದರ ಜಾಗದಲ್ಲಿಟ್ಟು, ಆಲಿಕೆ ಮುಚ್ಚಿ, ರಿಜಿಸ್ಟರಿನಲ್ಲಿ ನಾನು ಸೊನ್ನೆ ಬರೆಯುವವರೆಗೂ ನಿಂತಿದ್ದು, ದಿಣ್ಣೆ ಇಳಿದುಹೋದರು.

ಮಾರನೆಯ ದಿನ ಬಂದರು. ಅದರ ಮಾರನೆಯ ದಿನವೂ ಬಂದರು. ದಿನಾ ಕೇಳಿದರು, ದಿನಾ ಹೇಳಿದೆ, ದಿನಾ ತಾವೇ ನೋಡಿದರು.